ನೆಟ್‌ವರ್ಕಿಗೆ ಸುರಿದರೂ ಅಳೆದು ಸುರಿಯಿರಿ

ದುದ್ದ, ಶಾಂತಿಗ್ರಾಮದ ಕಡೆಯವರಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರಿರಲಿ, ನಮ್ಮ ಹಾಸನ ಜಿಲ್ಲೆಯ ಮಕ್ಕಳು ಈಗ ಕಂಪ್ಯೂಟರ್ ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ. ಮಳೆ, ರೋಗ, ರಸ್ತೆ ಸಂಚಾರ, ವಿಮಾನ ಎಲ್ಲವನ್ನೂ ಯಂತ್ರದೊಳಗೆ ಓಡಿಸಿ ನೋಡುವ ಸಿಮ್ಯುಲೇಷನ್ ಬರೆಯುವಷ್ಟು ಬೆಳೆದಿದ್ದೀರಿ. ಸಂತೋಷ. ಆದರೆ ನಿಮ್ಮ ಪ್ರೋಗ್ರಾಂಗಳ ಮೇಲೆ ನನಗೊಂದು ತಕರಾರಿದೆ, ಬೇಜಾರು ಮಾಡಿಕೊಳ್ಳದೆ ಕೇಳಿ. ಅವು ಬಹಳ ಮಾತಾಡುತ್ತವೆ.

ಒಂದು ಯಂತ್ರಕ್ಕೆ ಭಾರವಾದ ಲೆಕ್ಕವನ್ನು ಹತ್ತಕ್ಕೋ ನೂರಕ್ಕೋ ಹಂಚುತ್ತೀರಿ. ಅದು ಸರಿ. ಹಂಚಿದ ಮೇಲೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಬೇಕು, ಅದೂ ಸರಿ. ಆದರೆ ಯಾವ ಸುದ್ದಿ, ಯಾರಿಗೆ, ಯಾವಾಗ ಎಂದು ಯೋಚಿಸದೆ ಇರುವುದನ್ನೆಲ್ಲ ಎಲ್ಲರಿಗೂ ಎಲ್ಲ ಹೊತ್ತೂ ಕಳಿಸುತ್ತೀರಲ್ಲ, ಅಲ್ಲೇ ಇರುವುದು ಕೆಡುಕು. ಸಿಮ್ಯುಲೇಷನ್ ನಿಧಾನವಾಯಿತೆಂದರೆ ಮೊದಲು ಬರುವ ಮಾತು, ‘ನೆಟ್‌ವರ್ಕ್ ಸಾಲದು, ಇನ್ನೂ ವೇಗದ್ದು ಕೊಡಿಸಿ’. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಪರಂ ಪ್ರವೇಗ ಎಂಬ ಸೂಪರ್‌ಕಂಪ್ಯೂಟರ್ ಇದೆ, 3.3 ಪೆಟಾಫ್ಲಾಪ್ ಶಕ್ತಿಯದು. ಅಂಥ ಯಂತ್ರದಲ್ಲಿ ಕೂರಿಸಿದರೂ, ಸಂದೇಶಕ್ಕೆ ಕಾಯುವ ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ನೆಟ್‌ವರ್ಕಿಗೂ ಸಲ್ಲುತ್ತದೆ.

ಒಂದು ಸಂದೇಶ ಕಳಿಸುವ ಸಾಲು ಬರೆಯುವಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಿ: ‘ಇದು ಹೋಗದಿದ್ದರೆ ಯಾರ ಲೆಕ್ಕ ತಪ್ಪುತ್ತದೆ?’ ಹೆಸರು ಹೇಳಲು ಬಂದರೆ ಕಳಿಸಿ. ‘ಯಾರಿಗಾದರೂ ಬೇಕಾಗಬಹುದು’ ಎಂಬ ಉತ್ತರ ಬಂದರೆ ಆ ಸಾಲನ್ನು ಅಳಿಸಿ. ಮುಂದೆ ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಮಕ್ಕಳು, ಮೊಮ್ಮಕ್ಕಳು.

ಮಾತಾಡಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರು–ಮಂಗಳೂರು ಹೆದ್ದಾರಿ 75 ನಿಮಗೆಲ್ಲ ಗೊತ್ತು. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಇಳಿಯುವ ದಾರಿ. ಅದರ ಮೇಲಿನ 10,000 ವಾಹನಗಳ ಸಿಮ್ಯುಲೇಷನ್ ಕಟ್ಟುತ್ತಿದ್ದೀರಿ, ರಸ್ತೆಯ ಒಂದೊಂದು ತುಂಡಿಗೆ ಒಂದೊಂದು ಯಂತ್ರ ಎಂದುಕೊಳ್ಳಿ.

ಮೊದಲನೆಯ ಮಾತು, ಅಳೆಯಿರಿ. ಸೆಕೆಂಡಿಗೆ ಎಷ್ಟು ಸಂದೇಶ, ಒಂದೊಂದು ಎಷ್ಟು ಬೈಟ್ ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತೀರಿ. ಬೈಟಿಗಿಂತ ಮೊದಲು ಸಂದೇಶಗಳನ್ನು ಎಣಿಸಿ. ವಾಹನವೊಂದು ಸೆಕೆಂಡಿಗೆ 30 ಸಲ ‘ನಾನಿಲ್ಲಿದ್ದೇನೆ’ ಎಂದರೆ 10,000 ವಾಹನಕ್ಕೆ ಸೆಕೆಂಡಿಗೆ 3 ಲಕ್ಷ ಸಂದೇಶ. ಸೇನಾ ತರಬೇತಿಯ ಸಿಮ್ಯುಲೇಟರುಗಳಿಗಾಗಿ 1993ರಲ್ಲಿ ಬಂದ ಡಿಐಎಸ್ ಎಂಬ ಮಾನದಂಡದಲ್ಲಿ ಒಂದು ವಾಹನದ ಸ್ಥಿತಿ ಹೇಳುವ ಸಂದೇಶ ಕನಿಷ್ಠ 144 ಬೈಟ್. ಅದಕ್ಕೆ ಯುಡಿಪಿಯ 8, ಐಪಿಯ 20, ಈಥರ್‌ನೆಟ್ಟಿನ ಹೊದಿಕೆ ಮತ್ತು ಅಂತರ ಸೇರಿ 38. ಒಟ್ಟು 210 ಬೈಟ್. ಗುಣಿಸಿದರೆ ಸೆಕೆಂಡಿಗೆ 504 ಮೆಗಾಬಿಟ್. ಒಂದು ಗಿಗಾಬಿಟ್ ತಂತಿಯ ಅರ್ಧ ಹೋಯಿತು, ಅದೂ ಬರೀ ಕಾರು ಲಾರಿಗಳ ಹಾಜರಿ ಹೇಳುವುದಕ್ಕೆ! ತಂತಿ ಹೇಗೋ ತಡೆದುಕೊಂಡೀತು, ಆದರೆ ಪ್ರತಿ ಯಂತ್ರವೂ ಸೆಕೆಂಡಿಗೆ 3 ಲಕ್ಷ ಪ್ಯಾಕೆಟ್ ಬಿಚ್ಚಿ ನೋಡಿ ಎಸೆಯುತ್ತ ಕೂತರೆ ಲೆಕ್ಕ ಮಾಡುವುದು ಯಾವಾಗ? ಹೊಳೆಗೆ ಸುರಿದರೂ ಅಳೆದು ಸುರಿ ಅನ್ನುತ್ತಾರೆ. ಅಳೆಯದೆ ಸುರಿದರೆ ಹೊಳೆಗೇನೂ ಆಗುವುದಿಲ್ಲ, ಕಣಜ ಖಾಲಿಯಾಗುವುದು ನಮ್ಮದೇ.

ಎರಡನೆಯದು, ಎದುರಿನವರು ಊಹಿಸಬಲ್ಲದ್ದನ್ನು ಹೇಳಬೇಡಿ. ಹಾಸನದಲ್ಲಿ ದುದ್ದದ ಬಸ್ಸು ಹತ್ತಿದ ಮಗಳು ‘ಹತ್ತಿದೆ’ ಎಂದು ಒಂದು ಫೋನ್ ಮಾಡುತ್ತಾಳೆ. ಆಮೇಲೆ ಪ್ರತಿ ಮೈಲಿಗೂ ಮಾಡುವುದಿಲ್ಲ, ಬಸ್ಸು ಕೆಟ್ಟರೆ ಮಾತ್ರ ಮಾಡುತ್ತಾಳೆ. ಮನೆಯವರು ಹೊತ್ತು ನೋಡಿಕೊಂಡೇ ಬಸ್ಸು ಎಲ್ಲಿಗೆ ಬಂದಿರಬಹುದೆಂದು ಲೆಕ್ಕ ಹಾಕುತ್ತಾರೆ. ಇದಕ್ಕೆ ಡೆಡ್ ರೆಕನಿಂಗ್ ಎಂದು ಹೆಸರು. 1980ರ ದಶಕದಲ್ಲಿ ಅಮೆರಿಕದ ಡಾರ್ಪಾ ಕಟ್ಟಿಸಿದ ಸಿಮ್‌ನೆಟ್ ಎಂಬ ಟ್ಯಾಂಕ್ ಸಿಮ್ಯುಲೇಟರ್ ಜಾಲದಲ್ಲಿ ಇದು ನೆಲೆಯೂರಿತು, ಅಲ್ಲಿಂದ ಡಿಐಎಸ್‌ಗೆ ಬಂತು.

ಮಾಡುವ ಕ್ರಮ ಹೀಗೆ. ವಾಹನ ತನ್ನ ಸ್ಥಾನ, ವೇಗ, ದಿಕ್ಕು ಒಮ್ಮೆ ಹೇಳುತ್ತದೆ. ಕೇಳಿಸಿಕೊಂಡವರು ಅದರ ಮೇಲೆ ಮುಂದಿನ ಸ್ಥಾನ ಊಹಿಸುತ್ತ ಹೋಗುತ್ತಾರೆ. ಹೇಳಿದ ವಾಹನವೂ ಅದೇ ಊಹೆಯನ್ನು ತನ್ನಲ್ಲಿ ಓಡಿಸಿ, ನಿಜ ಮತ್ತು ಊಹೆಯ ನಡುವಿನ ಅಂತರ ಮಿತಿ ದಾಟಿದಾಗ ಮಾತ್ರ ಹೊಸ ಸಂದೇಶ ಕಳಿಸುತ್ತದೆ. ಡಿಐಎಸ್‌ನ ರೂಢಿಯ ಮಿತಿ ಸ್ಥಾನಕ್ಕೆ 1 ಮೀಟರ್, ದಿಕ್ಕಿಗೆ 3 ಡಿಗ್ರಿ. ಚನ್ನರಾಯಪಟ್ಟಣದ ಕಡೆಯ ನೇರ ರಸ್ತೆಯಲ್ಲಿ ಒಂದೇ ವೇಗದ ಕಾರಿಗೆ ಹೇಳುವುದೇನೂ ಇರುವುದಿಲ್ಲ. ಶಿರಾಡಿಯ ತಿರುವುಗಳಲ್ಲಿ ಮಾತು ಹೆಚ್ಚಾಗುತ್ತದೆ, ಆಗಲೇಬೇಕು. ವಾಹನಕ್ಕೆ ಸರಾಸರಿ ಎರಡು ಸೆಕೆಂಡಿಗೆ ಒಂದು ಸಂದೇಶ ಸಾಕಾಯಿತು ಎಂದುಕೊಂಡರೂ 3 ಲಕ್ಷ ಹೋಗಿ 5,000 ಆಗುತ್ತದೆ, 504 ಮೆಗಾಬಿಟ್ ಹೋಗಿ 8.4 ಆಗುತ್ತದೆ.

ಇಲ್ಲಿ ನೀವು ಮಾಡುವ ಮೂರು ಅಸಡ್ಡೆಗಳನ್ನು ಹೇಳಿಬಿಡುತ್ತೇನೆ. ಒಂದು, ವೇಗ ಹೇಳಿ ವೇಗದ ಬದಲಾವಣೆ ಹೇಳದಿರುವುದು. ಕಾರು ತನ್ನ ವೇಗವನ್ನು ಪ್ರತಿ ಸೆಕೆಂಡೂ ಸೆಕೆಂಡಿಗೆ 2 ಮೀಟರಿನಷ್ಟು ಇಳಿಸುತ್ತಿದ್ದರೆ, ಬರೀ ವೇಗದ ಮೇಲಿನ ಊಹೆ ಒಂದೇ ಸೆಕೆಂಡಿನಲ್ಲಿ 1 ಮೀಟರ್ ತಪ್ಪುತ್ತದೆ. ಬ್ರೇಕ್ ಹಿಡಿದಷ್ಟು ಹೊತ್ತೂ ಸಂದೇಶ ಹೋಗುತ್ತಲೇ ಇರುತ್ತದೆ. ವೇಗದ ಬದಲಾವಣೆಯನ್ನೂ ಸೇರಿಸಿ ಹೇಳಿದರೆ ಆ ಹರಟೆ ನಿಲ್ಲುತ್ತದೆ. ಎರಡು, ಎಲ್ಲಕ್ಕೂ ಒಂದೇ ಮಿತಿ ಇಡುವುದು. ಒತ್ತೊತ್ತಾಗಿ ಸಾಗುವ ಎರಡು ವಾಹನಗಳಿಗೆ 1 ಮೀಟರ್ ದೊಡ್ಡ ಅಂತರ, ಡಿಕ್ಕಿಯೇ ಆಗಿಬಿಡಬಹುದು. ಎರಡು ಕಿಲೋಮೀಟರ್ ಆಚೆ ಇದ್ದವನಿಗೆ 10 ಮೀಟರ್ ತಪ್ಪಿದರೂ ಏನಾಗದು. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ ಅನ್ನುವುದು ಗೊತ್ತಲ್ಲ? ದೂರದವರಿಗೆ ನುಣ್ಣಗಿನ ಬೆಟ್ಟವನ್ನೇ ಕಳಿಸಿ, ಅದರ ಕಲ್ಲುಮುಳ್ಳನ್ನೆಲ್ಲ ಹೊತ್ತು ಹಾಕಬೇಡಿ. ಮೂರು, ಹೊಸ ಸಂದೇಶ ಬಂದ ಕೂಡಲೇ ವಾಹನವನ್ನು ಊಹೆಯ ಜಾಗದಿಂದ ನಿಜದ ಜಾಗಕ್ಕೆ ನೆಗೆಸುವುದು. ಪರದೆಯ ಮೇಲೆ ಕಾರು ಕಪ್ಪೆಯಂತಾಗುತ್ತದೆ. ನಾಲ್ಕಾರು ಹೆಜ್ಜೆಗಳಲ್ಲಿ ಮೆಲ್ಲಗೆ ಸರಿಪಡಿಸಿ.

ಮೂರನೆಯದು, ಮೌನಕ್ಕೂ ಒಂದು ಮಿತಿ ಇರಲಿ. ಮಾತು ಬೆಳ್ಳಿ, ಮೌನ ಬಂಗಾರ, ನಿಜ. ಆದರೆ ಒಬ್ಬನು ಸುಮ್ಮನಿದ್ದಾನೆ ಎಂದರೆ ನೆಮ್ಮದಿಯಾಗಿದ್ದಾನೋ ಯಂತ್ರವೇ ಕೆಟ್ಟಿತೋ ಗೊತ್ತಾಗಬೇಕಲ್ಲ. ತಡವಾಗಿ ಸೇರಿದ ಯಂತ್ರಕ್ಕೆ ರಸ್ತೆಯ ಮೇಲೆ ಯಾರು ಯಾರಿದ್ದಾರೆ ಎಂದು ತಿಳಿಯಬೇಕಲ್ಲ. ಅದಕ್ಕೇ ಹಾರ್ಟ್‌ಬೀಟ್ ಎಂಬ ಸಂದೇಶ. ಡಿಐಎಸ್‌ನಲ್ಲಿ ರೂಢಿಯಂತೆ 5 ಸೆಕೆಂಡಿಗೊಮ್ಮೆ, 12 ಸೆಕೆಂಡು ಸದ್ದಿಲ್ಲದಿದ್ದರೆ ಆ ವಾಹನವನ್ನು ಪಟ್ಟಿಯಿಂದ ತೆಗೆಯುತ್ತಾರೆ. 10,000 ವಾಹನಕ್ಕೆ ಇದೇ ಸೆಕೆಂಡಿಗೆ 2,000 ಸಂದೇಶ ಎಂಬುದನ್ನು ಮರೆಯಬೇಡಿ. ದಾಬಾ ಮುಂದೆ ರಾತ್ರಿಯೆಲ್ಲ ನಿಂತ ಲಾರಿ ಐದೈದು ಸೆಕೆಂಡಿಗೆ ‘ನಿಂತಿದ್ದೇನೆ’ ಎನ್ನಬೇಕಿಲ್ಲ. ನಿಂತದ್ದಕ್ಕೆ ದೊಡ್ಡ ಅಂತರ, ಓಡುವುದಕ್ಕೆ ಸಣ್ಣ ಅಂತರ ಇಡಿ, ಪಟ್ಟಿಯಿಂದ ತೆಗೆಯುವ ಗಡುವನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಿ. ಎಲ್ಲರ ಹಾರ್ಟ್‌ಬೀಟ್ ಒಂದೇ ಕ್ಷಣಕ್ಕೆ ಹೊರಡದಂತೆ ಸಮಯವನ್ನು ಚೆದುರಿಸಿ, ಇಲ್ಲದಿದ್ದರೆ ಐದೈದು ಸೆಕೆಂಡಿಗೊಮ್ಮೆ ನೆಟ್‌ವರ್ಕ್ ಉಸಿರು ಕಟ್ಟುತ್ತದೆ.

ನಾಲ್ಕನೆಯದು, ಕೇಳುವವರಿಗೆ ಮಾತ್ರ ಹೇಳಿ. ಶಿರಾಡಿಯ ಲಾರಿಗೆ ಕುಣಿಗಲ್ ಹತ್ತಿರದ ಸ್ಕೂಟರಿನಿಂದ ಆಗಬೇಕಾದದ್ದೇನು? ಏನೂ ಇಲ್ಲ. ಆದರೂ ಬ್ರಾಡ್‌ಕಾಸ್ಟ್ ಮಾಡಿ ಊರಿಗೆಲ್ಲ ಡಂಗುರ ಸಾರುತ್ತೀರಿ, ಬರೆಯುವುದು ಸುಲಭ ಎಂಬ ಒಂದೇ ಕಾರಣಕ್ಕೆ. ಸಿಮ್ಯುಲೇಷನ್‌ಗಳನ್ನು ಜೋಡಿಸುವ ಎಚ್‌ಎಲ್‌ಎ ಎಂಬ ಮಾನದಂಡ 2000ರಲ್ಲಿ ಐಇಇಇ 1516 ಆಗಿ ಬಂತು. ಅದು ಎರಡು ಜರಡಿ ಕೊಟ್ಟಿದೆ. ಮೊದಲನೆಯದರಲ್ಲಿ ಯಾವ ಬಗೆಯ ಸುದ್ದಿ ಬೇಕೆಂದು ಮೊದಲೇ ಹೆಸರು ಕೊಡಬೇಕು. ಎರಡನೆಯದರಲ್ಲಿ ಯಾವ ಪ್ರದೇಶದ ಸುದ್ದಿ ಬೇಕೆಂದು ಗಡಿ ಹಾಕಿಕೊಡಬೇಕು. ಎರಡೂ ಹೊಂದಿದ್ದು ಮಾತ್ರ ನಿಮ್ಮಲ್ಲಿಗೆ ಬರುತ್ತದೆ. ನೀವಾಗಿಯೇ ಬರೆಯುವುದಾದರೆ ರಸ್ತೆಯನ್ನು ತುಂಡುಗಳಾಗಿ ಮಾಡಿ ಪ್ರತಿ ತುಂಡಿಗೊಂದು ಮಲ್ಟಿಕಾಸ್ಟ್ ಗುಂಪು ಕೊಡಿ. ತನ್ನ ತುಂಡು, ಹಿಂದಿನದು, ಮುಂದಿನದು, ಇಷ್ಟು ಕೇಳಿಸಿಕೊಂಡರೆ ವಾಹನಕ್ಕೆ ಸಾಕು. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸ್ನಾತಕೋತ್ತರ ಶಾಲೆಯ ಎನ್‌ಪಿಎಸ್‌ನೆಟ್ ತಂಡ ಬಯಲನ್ನು ಷಟ್ಕೋನಗಳಾಗಿ ವಿಂಗಡಿಸಿ ಹೀಗೇ ಮಾಡಿತ್ತು.

ಇಲ್ಲೂ ಅತಿ ಬೇಡ. ಅತಿಯಾದರೆ ಅಮೃತವೂ ವಿಷ. ಇಷ್ಟಿಷ್ಟೇ ತುಂಡು ಮಾಡಿ ಸಾವಿರಾರು ಗುಂಪು ಕಟ್ಟಿದರೆ ಸ್ವಿಚ್ಚಿನ ಪಟ್ಟಿ ತುಂಬಿ ಅದು ಸೋಲುತ್ತದೆ. ಗಡಿಯ ಮೇಲೇ ಹಿಂದೆ ಮುಂದೆ ಓಲಾಡುವ ವಾಹನ ಗುಂಪಿಗೆ ಸೇರುವುದು, ಬಿಡುವುದು, ಮತ್ತೆ ಸೇರುವುದು ಮಾಡಿ ಉಳಿಸಿದ ಸಂದೇಶಕ್ಕಿಂತ ಹೆಚ್ಚು ಹುಟ್ಟಿಸುತ್ತದೆ. ಸೇರುವ ಗೆರೆ ಒಂದು ಕಡೆ, ಬಿಡುವ ಗೆರೆ ಸ್ವಲ್ಪ ಆಚೆ ಇಡಿ. ಇಷ್ಟು ಮಾಡಿದರೆ ಓಲಾಟ ನಿಲ್ಲುತ್ತದೆ.

ಐದನೆಯದು, ಹಂಚುವ ಮೊದಲು ನೆಲ ನೋಡಿ ಹಂಚಿ. ಹಾಸನದ ಪೇಟೆಯ ನಡುಮಧ್ಯಕ್ಕೆ ಗಡಿ ಹಾಕಿ ಅರ್ಧ ಒಂದು ಯಂತ್ರಕ್ಕೆ, ಅರ್ಧ ಇನ್ನೊಂದಕ್ಕೆ ಕೊಟ್ಟರೆ ಆ ಎರಡೂ ಯಂತ್ರ ಹಗಲೂ ರಾತ್ರಿ ಮಾತಾಡುತ್ತಲೇ ಇರಬೇಕು. ಊರ ಆಚೆ, ದಾಟುವ ವಾಹನ ಕಡಿಮೆ ಇರುವ ಕಡೆ ಕತ್ತರಿಸಿ. ಕವಲುಗಳಿರುವ ದೊಡ್ಡ ಜಾಲವಾದರೆ ಕೈಯಲ್ಲಿ ಕತ್ತರಿಸುವ ಹಟ ಬೇಡ, ಜಾರ್ಜ್ ಕರಿಪಿಸ್ ಮತ್ತು ವಿಪಿನ್ ಕುಮಾರ್ ಬರೆದ ಮೆಟಿಸ್‌ನಂಥ ಸಾಧನ ಇದಕ್ಕೆಂದೇ ಇದೆ.

ಹವಾಮಾನದ ಲೆಕ್ಕ ಬರೆಯುವವರು ಇದನ್ನು ಇನ್ನೂ ಗಮನವಿಟ್ಟು ಕೇಳಿ. ರಾಗಿ ಬಿತ್ತುವವರೂ ಆಲೂಗಡ್ಡೆ ಹಾಕುವವರೂ ಆಕಾಶ ನೋಡುವ ಸೀಮೆ ನಮ್ಮದು, ಮಳೆಯ ಲೆಕ್ಕ ಹೊತ್ತಿಗೆ ಸರಿಯಾಗಿ ಬರಬೇಕು. ಮಳೆ ಬಂದು ಹೋದ ಮೇಲೆ ಮುನ್ಸೂಚನೆ ಬಂದರೆ ಯಾರಿಗೆ ಬೇಕು? 1,000 ಅಡ್ಡ, 1,000 ಉದ್ದದ ಚೌಕುಳಿ ನಕ್ಷೆಯನ್ನು 100 ಯಂತ್ರಗಳಿಗೆ ಹಂಚಬೇಕು ಎಂದುಕೊಳ್ಳಿ. ಹತ್ತು ಹತ್ತು ಸಾಲಿನ ಪಟ್ಟಿಗಳಾಗಿ ಕತ್ತರಿಸಿದರೆ ಒಂದು ಯಂತ್ರ ಪ್ರತಿ ಹೆಜ್ಜೆಗೂ ಎರಡು ಅಂಚಿನ 2,000 ಮನೆಗಳ ಸುದ್ದಿ ಕೊಡಬೇಕು. 100 ಅಡ್ಡ 100ರ ಚೌಕವಾಗಿ ಕತ್ತರಿಸಿದರೆ ನಾಲ್ಕು ಅಂಚಿನ 400 ಸಾಕು. ಸಂದೇಶ ಎರಡರ ಬದಲು ನಾಲ್ಕಾದರೂ ಸರಕು ಐದನೇ ಒಂದು ಪಾಲಿಗೆ ಇಳಿಯಿತು. ಅಂಚಿನ ಸುದ್ದಿಯನ್ನು ಮೊದಲು ಕಳಿಸಿ, ಅದು ದಾರಿಯಲ್ಲಿರುವಾಗ ಒಳಗಿನ ಮನೆಗಳ ಲೆಕ್ಕ ಮುಗಿಸಿಕೊಳ್ಳಿ. ಕೈಕಟ್ಟಿ ಕಾಯುವ ಅಭ್ಯಾಸ ಬಿಡಿ.

ಆರನೆಯದು, ಕೂಡಿಸಿ ಕಳಿಸಬಹುದಾದದ್ದನ್ನು ಬಿಡಿಬಿಡಿಯಾಗಿ ಕಳಿಸಬೇಡಿ. ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಳ್ಳೆಯ ಮೇಲ್ಪಂಕ್ತಿ ಇದೆ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಯು. ಎನ್. ಸಿನ್ಹಾ ಅವರ ತಂಡ ಫ್ಲೊಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತು. ಮೊದಲನೆಯದರಲ್ಲಿ ಇದ್ದದ್ದು ನಾಲ್ಕೇ ಪ್ರೊಸೆಸರ್. ಮುಂದಿನ ಪೀಳಿಗೆಯ ಫ್ಲೊಸಾಲ್ವರ್‌ಗಳಲ್ಲಿ ಮುಂಗಾರಿನ ಮುನ್ಸೂಚನೆಯ ಲೆಕ್ಕಗಳನ್ನು ಓಡಿಸಿದರು. ಆ ಲೆಕ್ಕದಲ್ಲಿ ಎಲ್ಲ ಪ್ರೊಸೆಸರುಗಳ ಬಳಿ ಇರುವ ಅಂಕಿಗಳನ್ನು ಮತ್ತೆ ಮತ್ತೆ ಕೂಡಿಸಿ, ಮೊತ್ತವನ್ನು ಎಲ್ಲರಿಗೂ ಹಂಚಬೇಕಾಗುತ್ತದೆ. ಅದಕ್ಕಾಗಿ ಅವರು ಫ್ಲೊಸ್ವಿಚ್ ಎಂಬುದನ್ನು ರೂಪಿಸಿದರು. ಅದು ಸಂದೇಶವನ್ನು ಸಾಗಿಸುವುದಷ್ಟೇ ಮಾಡದೆ ದಾರಿಯಲ್ಲೇ ಕೂಡುವ ಲೆಕ್ಕವನ್ನೂ ಮಾಡುತ್ತಿತ್ತು. ಇಂದು ದೊಡ್ಡ ಕಂಪನಿಗಳು ನೆಟ್‌ವರ್ಕಿನೊಳಗೇ ಲೆಕ್ಕ ಮಾಡುವ ಸ್ವಿಚ್ ಮಾರುತ್ತವಲ್ಲ, ಆ ಯೋಚನೆ ನಮ್ಮವರಿಗೆ ಅವತ್ತೇ ಹೊಳೆದಿತ್ತು.

ನಿಮ್ಮ ಬಳಿ ಅಂಥ ಸ್ವಿಚ್ ಇಲ್ಲದಿದ್ದರೂ ಚಿಂತೆಯಿಲ್ಲ. 128 ಯಂತ್ರಗಳ ಮೊತ್ತ ಎಲ್ಲರಿಗೂ ಬೇಕೆಂದು ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಕಳಿಸಿದರೆ 16,256 ಸಂದೇಶ. ಇಬ್ಬರಿಬ್ಬರು ಕೂಡಿಸಿ ಮೇಲಕ್ಕೆ ಕೊಡುತ್ತ ಹೋಗಿ, ಮೊತ್ತವನ್ನು ಅದೇ ದಾರಿಯಲ್ಲಿ ಇಳಿಸಿದರೆ 254 ಸಾಕು. ಯಂತ್ರಗಳ ನಡುವೆ ಸಂದೇಶ ಸಾಗಿಸುವ ಎಂಪಿಐ ಲೈಬ್ರರಿಯಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ. ಅದನ್ನು ಬಿಟ್ಟು ನೀವೇ ಲೂಪ್ ಬರೆದು ಕಳಿಸುತ್ತೀರಲ್ಲ, ಅದಕ್ಕೆ ಬೈಯಬೇಕು ಅನ್ನಿಸುತ್ತದೆ. ಹಾಗೆಯೇ 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಟಿಐಎಫ್‌ಆರ್‌ನವರು ಕೋವಿಡ್‌ಗಾಗಿ ಬೆಂಗಳೂರಿನ ಸಿಮ್ಯುಲೇಟರ್ ಕಟ್ಟಿದ್ದನ್ನೂ ನೋಡಿ. ಒಂದು ಕೋಟಿಗೂ ಹೆಚ್ಚು ಜನ. ಪ್ರತಿಯೊಬ್ಬನಿಗೂ ಪ್ರತಿಯೊಬ್ಬನ ಜೊತೆ ಲೆಕ್ಕ ಹಾಕಲು ಹೋಗಿದ್ದರೆ ಮುಗಿಯುತ್ತಲೇ ಇರಲಿಲ್ಲ. ಮನೆ, ಕೆಲಸದ ಜಾಗ, ಶಾಲೆ, ವಾರ್ಡು ಎಂದು ಬೆರೆಯುವ ಜಾಗಗಳನ್ನು ಮಾಡಿ, ಒಂದೊಂದು ಜಾಗದ ಸೋಂಕಿನ ಒಟ್ಟು ಮೊತ್ತವನ್ನು ಅಲ್ಲಿರುವವರಿಗೆ ಅನ್ವಯಿಸಿದರು. ಯಂತ್ರ ಒಂದಿರಲಿ ನೂರಿರಲಿ, ಪಾಠ ಒಂದೇ: ಮೊತ್ತ ಸಾಕಾದ ಕಡೆ ಬಿಡಿ ಅಂಕಿ ಕಳಿಸಬೇಡಿ.

ಏಳನೆಯದು, ಸಣ್ಣ ಸಂದೇಶಗಳನ್ನು ಕಟ್ಟು ಕಟ್ಟಿ. 20 ಬೈಟಿನ ಸುದ್ದಿಗೆ 66 ಬೈಟಿನ ಹೊದಿಕೆ ಹೊದಿಸಿದರೆ 86 ಆಯಿತು. ಸುದ್ದಿಗಿಂತ ಹೊದಿಕೆಯೇ ಮೂರು ಪಾಲು. ಅಂಥ 50 ಸಂದೇಶ ಬಿಡಿ ಬಿಡಿಯಾಗಿ 4,300 ಬೈಟ್, ಒಂದೇ ಪ್ಯಾಕೆಟ್ಟಿನಲ್ಲಿ 1,066. ಒಂದೇ ಯಂತ್ರಕ್ಕೆ ಹೋಗುವ ಸುದ್ದಿಗಳನ್ನು ಒಟ್ಟಿಗೆ ಇಡಿ, ಆದರೆ ಎರಡು ಮಿತಿ ಹಾಕಿಕೊಳ್ಳಿ. ಯುಡಿಪಿಯಲ್ಲಿ ಒಂದು ಕಟ್ಟು 1,472 ಬೈಟ್ ಮೀರದಿರಲಿ, ಮೀರಿದರೆ ಸಾಮಾನ್ಯ ಈಥರ್‌ನೆಟ್ಟಿನಲ್ಲಿ ಅದು ಒಡೆದು ಹೋಗುತ್ತದೆ, ಒಂದು ಚೂರು ಕಳೆದರೆ ಪೂರ್ತಿ ಕಟ್ಟೇ ಹಾಳು. ಎರಡನೆಯದಾಗಿ, ಕಟ್ಟು ತುಂಬಲಿಲ್ಲವೆಂದು ಕಾಯುತ್ತ ಕೂರಬೇಡಿ, ಸಿಮ್ಯುಲೇಷನ್ನಿನ ಒಂದು ಹೆಜ್ಜೆ ಮುಗಿದರೆ ಇದ್ದಷ್ಟನ್ನು ಕಳಿಸಿಬಿಡಿ. ಟಿಸಿಪಿ ಬಳಸುವವರಿಗೆ ಇನ್ನೊಂದು ತಿಳಿದಿರಲಿ. 1984ರಲ್ಲಿ ಜಾನ್ ನೇಗಲ್ ಹೇಳಿದ ವಿಧಾನ ಟಿಸಿಪಿಯೊಳಗೇ ಇದೆ, ಅದೂ ಸಣ್ಣವನ್ನು ಕೂಡಿಹಾಕಲು ಕಾಯುತ್ತದೆ. ನೀವೂ ಕಾಯಿಸಿ ಅದೂ ಕಾಯಿಸಿದರೆ ಸುದ್ದಿ ಎರಡೆರಡು ಸಲ ತಡವಾಗುತ್ತದೆ. ಕಟ್ಟುವ ಕೆಲಸ ನೀವೇ ಮಾಡುವಿರಾದರೆ ಟಿಸಿಪಿಯ ಆ ವಿಧಾನವನ್ನು ನಿಲ್ಲಿಸಿಬಿಡಿ.

ಎಂಟನೆಯದು, ಬದಲಾಗದ್ದನ್ನು ಮತ್ತೆ ಮತ್ತೆ ಹೇಳಬೇಡಿ. ಲಾರಿಯ ಬಣ್ಣ, ಉದ್ದ, ಮಾದರಿ ಪ್ರತಿ ಸಂದೇಶದಲ್ಲೂ ಏಕೆ? ಒಮ್ಮೆ ಹೇಳಿ, ಕೇಳಿದವರಿಗೆ ಮತ್ತೊಮ್ಮೆ ಹೇಳಿ, ಮುಗಿಯಿತು. ಸ್ಥಾನ ಹೇಳಲು ಮೂರು ದೊಡ್ಡ ದಶಮಾಂಶ ಸಂಖ್ಯೆ, 24 ಬೈಟ್ ಬಳಸುತ್ತೀರಿ. ರಸ್ತೆಯ ಮೇಲಿನ ವಾಹನಕ್ಕೆ ಬೆಂಗಳೂರಿನಿಂದ ಎಷ್ಟು ಸೆಂಟಿಮೀಟರ್ ಎಂದರೆ ಸಾಲದೆ? 350 ಕಿಲೋಮೀಟರಿಗೆ 3.5 ಕೋಟಿ ಸೆಂಟಿಮೀಟರ್, 4 ಬೈಟಿನ ಪೂರ್ಣಾಂಕದಲ್ಲಿ ಆರಾಮಾಗಿ ಕೂರುತ್ತದೆ. ಯಾವ ಸಾಲಿನಲ್ಲಿದೆ ಎನ್ನಲು 1 ಬೈಟ್, ವೇಗಕ್ಕೆ 2. ಕೂದಲ ದಪ್ಪದಷ್ಟು ನಿಖರತೆ ಯಾವ ಲಾರಿಗೂ ಬೇಡ. ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ಮಾತ್ರ ಕಳಿಸುವ ಉಪಾಯವೂ ಒಳ್ಳೆಯದೇ. ಆದರೆ ಯುಡಿಪಿಯಲ್ಲಿ ಒಂದು ಸಂದೇಶ ಕಳೆದುಹೋದರೆ ಮುಂದಿನದೆಲ್ಲ ತಪ್ಪಾಗುತ್ತದೆ, ಹಾಗಾಗಿ ಆಗಾಗ ಪೂರ್ತಿ ಸ್ಥಿತಿಯನ್ನೂ ಕಳಿಸುತ್ತಿರಿ.

ಒಂಬತ್ತನೆಯದು, ಕೇಳಿ ಕೇಳಿ ತಿಳಿಯುವ ಚಟ ಬಿಡಿ. ‘ಎಲ್ಲಿದ್ದೀಯ?’ ಎಂದು ಕೇಳುವುದು, ಉತ್ತರಕ್ಕೆ ಕಾಯುವುದು, ‘ಎಷ್ಟು ವೇಗ?’ ಎಂದು ಮತ್ತೆ ಕೇಳುವುದು, ಹೀಗೆ ಬರೆದ ಪ್ರೋಗ್ರಾಂ ಒಂದೇ ಕೋಣೆಯ ಯಂತ್ರಗಳಲ್ಲಿ ಚೆನ್ನಾಗಿಯೇ ಓಡುತ್ತದೆ, ದೂರ ಹೋದರೆ ಕುಂಟುತ್ತದೆ. ನಮ್ಮ ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅಲ್ಲಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಬೆಳಕಿನ ವೇಗದಲ್ಲಿ ಹೋದರೂ ಅಷ್ಟು ದೂರಕ್ಕೆ 0.12 ಸೆಕೆಂಡು ಬೇಕು. ಅಂಥ ಉಪಗ್ರಹದ ಮೂಲಕ ಇನ್ನೊಂದು ಊರಿಗೆ ಪ್ರಶ್ನೆ ಹೋಗಿ ಉತ್ತರ ಬರಲು ಹೆಚ್ಚು ಕಡಿಮೆ ಅರ್ಧ ಸೆಕೆಂಡು. ಹತ್ತು ಪ್ರಶ್ನೆ ಒಂದರ ಹಿಂದೆ ಒಂದು ಕೇಳಿದರೆ ಐದು ಸೆಕೆಂಡು ಕಾದದ್ದೇ ಆಯಿತು. ಬೇಕಾದದ್ದನ್ನೆಲ್ಲ ಒಟ್ಟಿಗೆ ಕೇಳಿ. ಅದಕ್ಕಿಂತ ಒಳ್ಳೆಯದು, ಬದಲಾದಾಗ ತಾನಾಗಿ ತಿಳಿಸುವಂತೆ ಮೊದಲೇ ಹೇಳಿಡಿ.

ಹತ್ತನೆಯದು ಕಾಲದ ಹೊಂದಾಣಿಕೆ, ಇಲ್ಲಿ ಬುದ್ಧಿವಂತರೂ ಎಡವುತ್ತಾರೆ. ಹಾಸನದ ಯಂತ್ರ ಹತ್ತು ಗಂಟೆಯಲ್ಲಿದ್ದು ಸಕಲೇಶಪುರದ್ದು ಹತ್ತೂಕಾಲಿಗೆ ಓಡಿಬಿಟ್ಟರೆ, ಆಮೇಲೆ ಬರುವ ವಾಹನವನ್ನು ಎಲ್ಲಿ ಇಡುವುದು? ಕೆ. ಮಣಿ ಚಾಂಡಿ ಮತ್ತು ಜಯದೇವ ಮಿಶ್ರ 1979ರಲ್ಲಿ, ಅವರಿಗೂ ಮುಂಚೆ ಬೇರೆಯಾಗಿ ಬ್ರಯಂಟ್ ಹೇಳಿದ ಉಪಾಯ ಹೀಗಿದೆ. ಪ್ರತಿ ಯಂತ್ರವೂ ‘ಇಂಥ ಹೊತ್ತಿನವರೆಗೆ ನನ್ನಿಂದ ಏನೂ ಬರುವುದಿಲ್ಲ, ನೀನು ಮುಂದೆ ಹೋಗು’ ಎಂದು ಮಾತು ಕೊಡಬೇಕು. ಏನೂ ಇಲ್ಲ ಎಂದು ಹೇಳುವ ಈ ಖಾಲಿ ಸಂದೇಶಗಳೇ ಕೆಲವೊಮ್ಮೆ ನಿಜವಾದ ಸಂದೇಶಗಳನ್ನು ಮುಳುಗಿಸಿಬಿಡುತ್ತವೆ. ಕಾರಣ ಒಂದೇ, ನೀವು ಕೊಡುವ ಮಾತು ತೀರ ಗಿಡ್ಡ. ‘ಇನ್ನು ಒಂದು ಸೆಕೆಂಡು ಏನೂ ಇಲ್ಲ’ ಎಂದರೆ ಪ್ರತಿ ಸೆಕೆಂಡೂ ಹೇಳುತ್ತಿರಬೇಕು. ಗಡಿಗೆ ಅತಿ ಹತ್ತಿರದ ವಾಹನ 10 ಕಿಲೋಮೀಟರ್ ಹಿಂದಿದೆ, ಗಂಟೆಗೆ 120ಕ್ಕಿಂತ ಜೋರಾಗಿ ಯಾರೂ ಓಡರು ಎಂದು ಗೊತ್ತಿದ್ದರೆ 5 ನಿಮಿಷದ ಮಾತು ಕೊಡಬಹುದಲ್ಲ. ನಡುವೆ ಅಡ್ಡರಸ್ತೆಯಿಂದ ಸೇರುವವರಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರಸ್ತೆಯ ಗುಣ ತಿಳಿದಷ್ಟೂ ಮಾತು ಉದ್ದವಾಗುತ್ತದೆ, ಸಂದೇಶ ಕಡಿಮೆಯಾಗುತ್ತದೆ.

ಕಾಯುವುದೇ ಬೇಡ, ಮುಂದೆ ಓಡಿ ತಪ್ಪಾದರೆ ಹಿಂದೆ ಬರೋಣ ಎಂಬ ದಾರಿಯೂ ಇದೆ. ಡೇವಿಡ್ ಜೆಫರ್ಸನ್ 1985ರಲ್ಲಿ ಬರೆದ ಟೈಮ್ ವಾರ್ಪ್ ಅದು. ಹಿಂದೆ ಬರುವಾಗ ಕಳಿಸಿದ ಪ್ರತಿ ತಪ್ಪು ಸಂದೇಶಕ್ಕೂ ಅದನ್ನು ಅಳಿಸುವ ಇನ್ನೊಂದು ಸಂದೇಶ ಹೋಗಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬಂತೆ ಎಷ್ಟು ದೂರ ಮುಂದೆ ಓಡಬಹುದೆಂದು ಲಗಾಮು ಹಾಕದಿದ್ದರೆ ಕಳಿಸುವುದು, ಅಳಿಸುವುದು, ಮತ್ತೆ ಕಳಿಸುವುದೇ ಕೆಲಸವಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಉಳಿಸುವ ಹುಮ್ಮಸ್ಸಿನಲ್ಲಿ ಉಳಿಸಬಾರದ ಕಡೆ ಜಿಪುಣತನ ಮಾಡಬೇಡಿ. ಸ್ಥಾನದ ಸಂದೇಶ ಒಂದು ಕಳೆದರೆ ಮುಂದಿನದು ಅದನ್ನು ಸರಿಪಡಿಸುತ್ತದೆ. ಡಿಕ್ಕಿ, ಬೆಂಕಿ, ರಸ್ತೆ ಬಂದ್, ಇಂಥವು ಒಮ್ಮೆ ಆಗುವ ಘಟನೆಗಳು. ಅವನ್ನು ಊಹೆಗೆ ಬಿಡಬೇಡಿ, ಕಟ್ಟು ತುಂಬಲಿ ಎಂದು ಕಾಯಿಸಬೇಡಿ, ಮುಟ್ಟಿತೆಂಬ ಖಾತರಿ ಪಡೆದೇ ಕಳಿಸಿ, ಘಟನೆಯ ಸಮಯವನ್ನೂ ಬರೆದು ಕಳಿಸಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಒಂದು ಡಿಕ್ಕಿಯ ಸುದ್ದಿ ತಪ್ಪಿ ಇಡೀ ಫಲಿತಾಂಶ ಸುಳ್ಳಾದರೆ, ನೀವು ಉಳಿಸಿದ ಗಿಗಾಬಿಟ್ ತಂದು ಅದನ್ನು ತುಂಬಲಾಗದು. ಸಂದೇಶ ಇಳಿಸಿದ ಮೇಲೆ ಮೊದಲಿನ ಫಲಿತಾಂಶದ ಪಕ್ಕ ಹೊಸದನ್ನಿಟ್ಟು ನೋಡಿ. ಹಾಸನ ಬೈಪಾಸಿನಲ್ಲಿ ವಾಹನಗಳ ಸಾಲು ಮೊದಲಿನಷ್ಟೇ ಬಂದರೆ ಗೆದ್ದಿರಿ. ಸಾಲೇ ಕರಗಿಹೋದರೆ ನೀವು ಕತ್ತರಿಸಿದ್ದು ಹರಟೆಯನ್ನಲ್ಲ, ಸತ್ಯವನ್ನು.

ಇಷ್ಟೆಲ್ಲ ಒಂದೇ ದಿನ ಮಾಡಿ ಎಂದು ಹೇಳುತ್ತಿಲ್ಲ. ನಾಳೆ ಕೆಲಸಕ್ಕೆ ಕೂತಾಗ ಒಂದು ಹಾಳೆ ತೆಗೆದುಕೊಂಡು ನಾಲ್ಕು ಅಂಕಣ ಗೆರೆ ಎಳೆಯಿರಿ. ಯಾವ ಸಂದೇಶ, ಯಾರಿಗೆ, ಸೆಕೆಂಡಿಗೆ ಎಷ್ಟು, ಹೋಗದಿದ್ದರೆ ಯಾರ ಲೆಕ್ಕ ತಪ್ಪುತ್ತದೆ. ನಿಮ್ಮ ಸಿಮ್ಯುಲೇಷನ್ ಕಳಿಸುವ ಪ್ರತಿ ಬಗೆಯ ಸಂದೇಶವನ್ನೂ ಅದರಲ್ಲಿ ತುಂಬಿ. ನಾಲ್ಕನೆಯ ಅಂಕಣ ಖಾಲಿ ಉಳಿದ ಸಾಲುಗಳನ್ನು ಮೊದಲು ತೆಗೆಯಿರಿ. ಉಳಿದವುಗಳಲ್ಲಿ ಮೂರನೆಯ ಅಂಕಣದಲ್ಲಿ ಅತಿ ದೊಡ್ಡ ಅಂಕಿ ಯಾವುದಕ್ಕಿದೆಯೋ ಅದಕ್ಕೆ ಡೆಡ್ ರೆಕನಿಂಗ್ ಹಾಕಿ. ಆಮೇಲೆ ಗುಂಪು, ಆಮೇಲೆ ಕಟ್ಟು, ಬೈಟ್ ಉಳಿತಾಯ ಕೊನೆಗೆ. ಒಂದೊಂದು ಹೆಜ್ಜೆಯಾದ ಮೇಲೂ ಅಳೆದು, ಅಂಕಿಯನ್ನು ಅದೇ ಹಾಳೆಯಲ್ಲಿ ಬರೆಯಿರಿ. ಇಷ್ಟು ಮಾಡಿಯೂ ನೆಟ್‌ವರ್ಕ್ ಸಾಲದೆ ಹೋದರೆ ಆ ಹಾಳೆಯನ್ನು ಹಿಡಿದು ಮೇಲಿನವರ ಬಳಿ ಹೋಗಿ ದಪ್ಪ ತಂತಿ ಕೇಳಿ. ಆಗ ಬೇಡವೆನ್ನಲು ಅವರಿಗೂ ಮನಸ್ಸು ಬಾರದು.